ಸುಂದರಾಬಾಯಿ ಹಿಡಿದ ಕೈ

ಸುಂದರಾಬಾಯಿ ಬಹಳ ಶಾಂತ ಹೆಂಗಸಾಗಿದ್ದಳು ಎಂದು ಈಗ ಹೇಳುವವರಿದ್ದಾರೆ. ಹಾಗೆ ಹೇಳುವವರಲ್ಲಿ ಯಾರೂ ಆಕೆಯ ಮಗ್ಗುಲ ಮನೆಯಲ್ಲಿ ಸಂಸಾರ ಮಾಡಿದವರಲ್ಲ. ನಾನು ಮಾಡಿದ್ದೇನೆ. ನಿಪ್ಪಾಣಿಯ ತಂಬಾಕು ವಖಾರಿಗಳ ಹಿಂದಿನ ಓಣಿಯಲ್ಲಿ ಆಕೆಯ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ, ಅದೂ ಹಂಚಿನ ತನಕ ಹೋಗಿರಲಿಲ್ಲ. ನಾನು ಲಗ್ನವಾಗಿ ಬೋರಗಾಂವದಿಂದ ಆ ಓಣಿಗೆ ಬಂದ ಹೊಸದರಲ್ಲಿ, ಒಂದು ಮುಂಜಾನೆ ಗೋಡೆಯ ಮೇಲಿಂದ ಹಿತ್ತಾಳಿ ತಂಬಿಗೆಯೊಂದು ಹಾರಿ ಬಂದು ನಮ್ಮ ಹಿಟ್ಟಿನ ಬುಟ್ಟಿಯೊಳಗೆ ಬಿತ್ತು. ಗಂಡನಿಗೆ ಒಗೆದದ್ದಂತೆ. ಅವನು ಬಗ್ಗಿ ತಪ್ಪಿಸಿಕೊಂಡಿದ್ದ. ಸ್ವಲ್ಪ ಹೊತ್ತಿಗೆ ಸುಂದರಾ ಬಾಗಿಲಿಗೆ ಬಂದು ನಿಂತಳು. ನಗಲಿಲ್ಲ, ತಪ್ಪಾಯಿತು ಎನ್ನಲಿಲ್ಲ. ತಂಬಿಗೆ ಕೊಡು ಎಂದಳು, ಇಸಿದುಕೊಂಡು ಹೋದಳು.

ಆಕೆಯ ತವರು ರಾಯಬಾಗದ ಕಡೆಯ ಕುರಿ ಸಾಕುವ ಮನೆ. ಅಣ್ಣತಮ್ಮಂದಿರ ಜೊತೆ ಬಯಲಿನಲ್ಲಿ ಕುರಿ ಕಾಯುತ್ತ ಬೆಳೆದವಳು. ತೋಳ ಕಂಡರೆ ಕವಣೆ ಬೀಸಿ ಕಲ್ಲು ಹೊಡೆಯುವುದನ್ನು ಅಪ್ಪ ಆಕೆಗೂ ಕಲಿಸಿದ್ದ. ಗಂಡ ಮಾಳಸಿದ್ದ ವಖಾರಿಯಲ್ಲಿ ತಂಬಾಕಿನ ಚೀಲ ಹೊರುವ ಹಮಾಲ. ಮೆತ್ತಗಿನ ಮನುಷ್ಯ, ಯಾರು ಗಟ್ಟಿಯಾಗಿ ಮಾತಾಡಿದರೂ ಅವರ ಹಿಂದೆ ಹೋಗುವವನು. ಮಕ್ಕಳಾಗಲಿಲ್ಲ. ಸುಂದರಾ ಕೂಡ ವಖಾರಿಗೆ ಹೋಗತೊಡಗಿದಳು.

ವಖಾರಿಯ ಕೆಲಸವೆಂದರೆ ಹೆಂಗಸರು ಸಾಲಾಗಿ ಕುಳಿತು ಒಣ ತಂಬಾಕನ್ನು ಬಡಿದು, ಜರಡಿ ಹಿಡಿದು, ಕಡ್ಡಿ ಆರಿಸುವುದು. ಕಿಟಕಿ ತೆರೆದರೆ ಧೂಳಿನ ಜೊತೆ ಮಾಲೂ ಹಾರಿಹೋಗುತ್ತದೆಂದು ಮುಚ್ಚಿಯೇ ಇಡುತ್ತಿದ್ದರು. ಮೂಗಿಗೆ ಸೆರಗು ಕಟ್ಟಿಕೊಂಡರೂ ಸಂಜೆ ಉಗುಳಿದರೆ ಕಂದು ಬಣ್ಣ ಬರುತ್ತಿತ್ತು. ಹೊಸಬರಿಗೆ ತಲೆ ಸುತ್ತಿ ವಾಂತಿಯಾಗುತ್ತಿತ್ತು. ಸಂಜೆ ಕೆಲಸ ಬಿಟ್ಟಾಗ ಗೇಟಿನಲ್ಲಿ ಕೂಲಿಯವರ ಮೇಲ್ವಿಚಾರಕ ಮುಕಾದಮ ಝಡತಿ ಮಾಡುತ್ತಿದ್ದ. ಸೀರೆಯ ನಿರಿಗೆಯಲ್ಲಿ ತಂಬಾಕು ಕದ್ದು ಒಯ್ಯುತ್ತಾರೆಂದು ಗಂಡಸೇ ಹೆಂಗಸರ ಮೈ ಮುಟ್ಟಿ ನೋಡುವುದು. ಎಲ್ಲರೂ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಂದು ದಿನ ಅವನು ಗಿರಿಜವ್ವನ ಮೈ ಮೇಲೆ ಕೈಯಿಟ್ಟು ತೆಗೆಯದೆ ನಿಂತಾಗ, ಹಿಂದೆ ನಿಂತಿದ್ದ ಸುಂದರಾ ಮುಂದೆ ಬಂದು ಅವನ ಕಪಾಳಕ್ಕೆ ಹೊಡೆದಳು. ಟೊಪ್ಪಿಗೆ ಹಾರಿ ತಕ್ಕಡಿಯ ಕೆಳಗೆ ಬಿತ್ತು ಎಂದು ಹೆಂಗಸರು ವರ್ಷಗಟ್ಟಲೆ ಹೇಳಿ ನಗುತ್ತಿದ್ದರು.

ಸುಂದರಾಳನ್ನು ಅಂದೇ ಕೆಲಸದಿಂದ ತೆಗೆದರು. ಗಿರಿಜವ್ವನಿಗೆ ಯಾರೂ ಹೋಗು ಎಂದಿರಲಿಲ್ಲ. ಆದರೂ ಆಕೆ ಬುತ್ತಿಯ ಗಂಟು ಎತ್ತಿಕೊಂಡು ಸುಂದರಾಳ ಹಿಂದೆ ಹೊರಬಂದಳು. ಗಿರಿಜವ್ವ ವಿಧವೆ, ತಾರವ್ವ ಎಂಬ ಒಬ್ಬಳೇ ಮಗಳು. ಆಕೆ ದನಿ ಎತ್ತಿದ್ದನ್ನು ನಾನು ಆ ಕಾಲದಲ್ಲಿ ಕೇಳಿರಲಿಲ್ಲ. ಓಣಿಯ ನಳದ ಹತ್ತಿರ ಕೊಡಗಳ ಜಗಳ ಹತ್ತಿದರೆ ತನ್ನ ಕೊಡ ಹಿಂದಕ್ಕೆ ಸರಿಸಿ ಕಾಯುತ್ತ ನಿಲ್ಲುತ್ತಿದ್ದಳು. ಇಬ್ಬರೂ ಬೇರೊಂದು ವಖಾರಿಯಲ್ಲಿ ಕೆಲಸ ಹಿಡಿದರು. ಒಂದೇ ಸಾಲಿನಲ್ಲಿ ಕೂಡುವರು, ಒಂದೇ ಗಂಟಿನ ರೊಟ್ಟಿ ತಿನ್ನುವರು. ಅವರಿಬ್ಬರನ್ನೂ ನೋಡಿದವರಿಗೆ ಈ ಬೆಂಕಿಗೂ ಆ ತಣ್ಣೀರಿಗೂ ಹೇಗೆ ಕೂಡಿತು ಎನಿಸುತ್ತಿತ್ತು.

ಎಂಬತ್ನಾಲ್ಕರ ಸುಮಾರಿಗೆ ಕುಸುಮತಾಯಿ ಓಣಿಗೆ ಬಂದರು. ಜೈನರ ವ್ಯಾಪಾರದ ಮನೆತನದವರು, ಅವರ ಕಾಕಾನದೇ ಒಂದು ಸಣ್ಣ ವಖಾರಿ ಇತ್ತು. ಮೊದಲು ಹೆಂಗಸರಿಗೆ ಅಕ್ಷರ ಕಲಿಸುತ್ತೇನೆಂದು ಬಂದವರು, ಝಡತಿಯ ಕಥೆ ಕೇಳಿ ಸಂಘಟನೆ ಕಟ್ಟಿದರು. ಕೇಳಿದ್ದು ದೊಡ್ಡದೇನಲ್ಲ. ಝಡತಿಯನ್ನು ಹೆಂಗಸೇ ಮಾಡಬೇಕು, ಕೂಸುಗಳನ್ನು ಮಲಗಿಸಲು ನೆರಳು ಬೇಕು, ಕೂಲಿ ಮುಕಾದಮನ ಮರ್ಜಿಯ ಮೇಲೆ ಇರಬಾರದು. ಮಾಲೀಕರು ಕೇಳಿಸಿಕೊಳ್ಳಲಿಲ್ಲ. ಎಂಬತ್ತೈದು ಮುಗಿಯುವ ಹೊತ್ತಿಗೆ ಹೆಂಗಸರು ಕೆಲಸ ನಿಲ್ಲಿಸಿದರು. ವಖಾರಿಗಳು ಒಂದೊಂದಾಗಿ ಬಾಗಿಲು ಹಾಕಿದವು.

ಬಾಗಿಲು ಹಾಕಿದರೆ ಹಮಾಲರಿಗೂ ಕೆಲಸವಿಲ್ಲ, ಗಾಡಿಯವರಿಗೂ ಇಲ್ಲ. ಈ ಮಾತನ್ನು ಯಾರೂ ಮೊದಲೇ ಯೋಚಿಸಿರಲಿಲ್ಲ. ಭೀಮಗೊಂಡ ಎಂಬ ಒಬ್ಬ ದಲಾಲಿ, ಹಳ್ಳಿ ತಿರುಗಿ ತಂಬಾಕು ಖರೀದಿ ಮಾಡಿಸುತ್ತಿದ್ದವನು, ಅವರನ್ನೆಲ್ಲ ಕೂಡಿಸಿದ. ಈ ಹೆಂಗಸರಿಂದಲೇ ನಿಮ್ಮ ಒಲಿ ಆರಿದ್ದು ಎಂದು ಹೇಳಿದ. ಮಾಲೀಕರು ಅವನ ಹಿಂದಿದ್ದರು ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಒಲಿ ಆರಿದ್ದೂ ಸುಳ್ಳಲ್ಲ.

ಸಂತೆ ಬಯಲಿನಲ್ಲಿ ಹೆಂಗಸರ ಮೊದಲ ಬಹಿರಂಗ ಸಭೆಯಾದಾಗ ಭೀಮಗೊಂಡನ ಕಡೆಯವರು ಕರಿ ಬಟ್ಟೆ ಹಿಡಿದು ಬಂದರು. ಸಂಘಟನೆ ಮುರ್ದಾಬಾದ್ ಎಂದು ಕೂಗಿದರು. ಬಳೆ ಒಗೆದರು, ಸವೆದ ಕಸಬರಿಗೆ ಒಗೆದರು. ಕುಸುಮತಾಯಿಯ ಬಗ್ಗೆ, ವೇದಿಕೆಯ ಮೇಲಿದ್ದ ಹೆಂಗಸರ ಬಗ್ಗೆ ನಾನು ಇಲ್ಲಿ ಬರೆಯಲಾಗದ ಮಾತು ಆಡಿದರು. ಹೆಂಗಸರು ದಿಕ್ಕು ತಪ್ಪಿ ಓಡಿದರು. ಸುಂದರಾ ಓಡಲಿಲ್ಲ. ಕಾಲ ಕೆಳಗಿನ ಕಲ್ಲೊಂದು ಎತ್ತಿ ಒಗೆದಳು. ಅದು ಕರಿ ಬಟ್ಟೆ ಕಟ್ಟಿದ್ದ ಕೋಲಿಗೆ ಬಡಿದು ಕೋಲು ಮುರಿಯಿತು. ಪೋಲೀಸರಿಗೆ ಅಷ್ಟು ಸಾಕಾಯಿತು. ಲಾಠಿ ಬಿದ್ದದ್ದು ಹೆಂಗಸರ ಮೇಲೆ. ಮರುದಿನದ ಪೇಪರಿನಲ್ಲಿ ತಂಬಾಕು ಕೂಲಿ ಹೆಂಗಸರ ದಾಂಧಲೆ ಎಂದು ಬಂತು, ಮುಂದಿನ ಸಭೆಗೆ ಪರವಾನಗಿ ಸಿಗಲಿಲ್ಲ.

ಕುಸುಮತಾಯಿ ಸುಂದರಾಳ ಮನೆಗೆ ಬಂದು ಬಹಳ ಹೊತ್ತು ಮಾತಾಡಿದ್ದು ಗೋಡೆಯಾಚೆ ನನಗೆ ಕೇಳುತ್ತಿತ್ತು. ಬೈಯಲಿಲ್ಲ. ಅವರು ಬರುವುದೇ ನಮಗೆ ಸಿಟ್ಟು ಬರಿಸಲಿಕ್ಕೆ, ನಾವು ಕೈ ಎತ್ತಿದರೆ ಅವರ ಕೆಲಸ ಆಯಿತು, ಎತ್ತದಿದ್ದರೆ ಅವರಿಗೆ ಮುಂದೇನು ಮಾಡಬೇಕೆಂದು ತಿಳಿಯುವುದಿಲ್ಲ ಎಂದು ಬಿಡಿಸಿ ಹೇಳಿದರು. ಅವರು ಕೂಗಿದಾಗ ಕುಳಿತುಬಿಡಬೇಕು, ತಲೆಯ ಮೇಲೆ ಸೆರಗು ಹೊದ್ದು, ಬೀಸುವಾಗ ಹಾಡುವ ಹಾಡು ಹಾಡಬೇಕು, ಒಂದು ಮಾತಿಗೂ ಮಾರುತ್ತರ ಕೊಡಬಾರದು. ಸುಂದರಾ ಎಲ್ಲ ಕೇಳಿದಳು. ಕಡೆಗೆ ಇಷ್ಟೇ ಅಂದಳು:

“ನಾ ಕುಂಡ್ರತೀನ್ರಿ ತಾಯಿ. ಆದ್ರ ನನ್ನ ಕೈ ನನ್ನ ಮಾತ ಕೇಳೂದಿಲ್ಲ. ಯಾರರ ಹಿಡ್ಕೊಂಡ ಕುಂಡ್ರಬೇಕು.”

ಕುಸುಮತಾಯಿಯ ಜೊತೆ ಬಂದಿದ್ದ ಗಿರಿಜವ್ವ ನಾನು ಹಿಡಿಯುತ್ತೇನೆ ಎಂದಳು. ಮತ್ತೆ ಪರವಾನಗಿ ಸಿಕ್ಕು ನಡೆದ ಸಭೆಯಲ್ಲಿ ಕರಿ ಬಟ್ಟೆಯವರು ಬಂದ ಕೂಡಲೇ ಆಕೆ ಸುಂದರಾಳ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ತೊಡೆಯ ಮೇಲಿಟ್ಟುಕೊಂಡಳು. ಪಕ್ಕದವಳು ಸುಂದರಾಳ ಎಡಗೈ ಹಿಡಿದಳು. ಅವಳ ಕೈಯನ್ನು ಮತ್ತೊಬ್ಬಳು. ಹೀಗೆ ಸಾಲಿಗೆ ಸಾಲೇ ಕೈ ಕೈ ಹಿಡಿದು ಕುಳಿತಿತು. ಯಾರೂ ಹೇಳಿಕೊಟ್ಟದ್ದಲ್ಲ. ಆಮೇಲೆ ಅದೇ ರೂಢಿಯಾಯಿತು.

ನಾನೂ ಒಂದೆರಡು ಸಲ ಹೋಗಿ ಕುಳಿತಿದ್ದೇನೆ. ಹೊರಗಿನಿಂದ ನೋಡುವವರಿಗೆ ಅದು ಶಾಂತಿ. ಒಳಗೆ ಕುಳಿತವಳಿಗೆ ಹಾಗಲ್ಲ. ನಿನ್ನ ಹೆಸರು ಹಿಡಿದು, ನಿನ್ನ ಅವ್ವನ ಹೆಸರು ಹಿಡಿದು ಒಬ್ಬ ಕೂಗುತ್ತಿರುತ್ತಾನೆ. ಅವನು ನಿನ್ನೆ ನಿಮ್ಮ ಮನೆಯಲ್ಲಿ ಬೆಂಕಿಪೆಟ್ಟಿಗೆ ಕೇಳಲು ಬಂದವನಾಗಿರುತ್ತಾನೆ. ಹಾಡಿನ ಮಾತು ಬಾಯಲ್ಲಿರುತ್ತದೆ, ಕಣ್ಣು ನೆಲದ ಮೇಲೆ ಕಲ್ಲು ಹುಡುಕುತ್ತಿರುತ್ತದೆ. ಸುಂದರಾಳ ಹಣೆಯ ನರ ಎದ್ದು ನಿಲ್ಲುತ್ತಿತ್ತು. ಗಿರಿಜವ್ವ ಆಕೆಯ ಬೆರಳನ್ನು ಒಂದೊಂದಾಗಿ ನೀವುತ್ತ ಕುಳಿತಿರುತ್ತಿದ್ದಳು.

ಕೂಗುವವರಲ್ಲಿ ಮಾಳಸಿದ್ದನೂ ಇದ್ದ. ಭೀಮಗೊಂಡನ ಹಿಂದೆ, ಎರಡನೆಯ ಸಾಲಿನಲ್ಲಿ, ತಲೆ ತಗ್ಗಿಸಿ ಮುರ್ದಾಬಾದ್ ಎನ್ನುತ್ತಿದ್ದ. ಸಂಜೆ ಮನೆಗೆ ಬಂದರೆ ಸುಂದರಾ ಅವನಿಗೆ ರೊಟ್ಟಿ ಬಡಿದು ಹಾಕುತ್ತಿದ್ದಳು. ಇಬ್ಬರೂ ಸಭೆಯ ಮಾತು ತೆಗೆಯುತ್ತಿರಲಿಲ್ಲ. ತಂಬಿಗೆ ಹಾರುವುದು ನಿಂತುಹೋಗಿತ್ತು. ನನಗಾದರೆ ಅದು ಹಾರಿದ್ದರೇ ಚಂದ ಎನಿಸುತ್ತಿತ್ತು.

ನೀರು ಕೊಡುವುದನ್ನು ಶುರು ಮಾಡಿದವಳು ಸುಂದರಾ. ಒಂದು ಬಿಸಿಲಿನ ಸಭೆಯಲ್ಲಿ ಕೂಗುತ್ತಿದ್ದ ಮುದಿ ಹಮಾಲನೊಬ್ಬನಿಗೆ ಕೆಮ್ಮು ಹತ್ತಿ ನಿಲ್ಲಲಿಲ್ಲ. ಅದು ತಂಬಾಕಿನ ಕೆಮ್ಮು, ಹೆಂಗಸರಿಗೆಲ್ಲ ಗುರುತಿನದು. ಸುಂದರಾ ಕೊಡ ಕಳಿಸಿದಳು. ಭೀಮಗೊಂಡ ಕೊಡವನ್ನು ಒದ್ದ. ಆಕೆ ಇನ್ನೊಂದು ಕಳಿಸಿದಳು. ಮುದುಕ ಕುಡಿದ. ಮುಂದಿನ ಸಭೆಗೆ ಆ ಮುದುಕ ಬರಲಿಲ್ಲ, ಅವನ ಜೊತೆ ಇನ್ನೂ ಕೆಲವರು ಬರಲಿಲ್ಲ. ಮಂದಿ ಸುಂದರಾಳನ್ನು ಹೊಗಳತೊಡಗಿದರು. ಕುಸುಮತಾಯಿ ಹೊಸದಾಗಿ ಬಂದ ಹೆಂಗಸರಿಗೆ ಆಕೆಯನ್ನು ತೋರಿಸಿ, ಇವಳು ಕಲ್ಲು ಒಗೆಯುತ್ತಿದ್ದವಳು, ಈಗ ನೋಡಿರಿ ಎನ್ನುತ್ತಿದ್ದರು. ಸುಂದರಾಳಿಗೆ ಹೆಮ್ಮೆಯಾಗಿತ್ತು. ಇನ್ನು ಯಾರೂ ನನ್ನ ಕೈ ಹಿಡಿಯುವುದು ಬೇಡ ಎಂದು ನನ್ನ ಮುಂದೆ ಹೇಳಿದ್ದಳು. ಈಗ ಆಕೆಯೇ ಸಾಲಿನ ಮುಂದಾಳು. ಯಾರ ಕೈ ಅಲುಗಿದರೂ ಆಕೆಗೆ ತಿಳಿಯುತ್ತಿತ್ತು.

ಎಂಬತ್ತಾರರ ಬೇಸಿಗೆಯಲ್ಲಿ ಚಿಕ್ಕೋಡಿಯಿಂದ ಸರಕಾರದ ದೊಡ್ಡ ಸಾಹೇಬರು ಹೆಂಗಸರ ಮಾತು ಕೇಳಲು ನಿಪ್ಪಾಣಿಗೆ ಬರುತ್ತಾರೆಂದು ಗೊತ್ತಾಯಿತು. ಸಂತೆ ಬಯಲು ತುಂಬಿತು. ಭೀಮಗೊಂಡನಿಗೂ ಇದು ಕಡೆಯ ಅವಕಾಶ. ಅವನು ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ಮಂದಿ ತುಂಬಿಸಿ ತಂದಿದ್ದ, ಓಣಿಯವರಿಗೆ ಗುರುತಿಲ್ಲದ ಮುಖಗಳು. ಸಾಹೇಬರ ಜೀಪು ಬಂದು ನಿಂತದ್ದೇ ಕೂಗು ಎದ್ದಿತು. ಸುಂದರಾ ಕುಂಡರ್ರಿ ಎಂದಳು. ಎಲ್ಲರೂ ಕುಳಿತರು, ಕೈ ಹಿಡಿದರು. ಅಂದು ಗಿರಿಜವ್ವನ ಬಲಗೈ ಸುಂದರಾಳ ಎಡಗೈಯಲ್ಲಿತ್ತು. ಗಿರಿಜವ್ವನ ಎಡಗೈ ಆಚೆ ಪಕ್ಕದ ಸತ್ತೆವ್ವನ ಕೈಯಲ್ಲಿತ್ತು. ನಾನು ಅವರ ಹಿಂದಿನ ಸಾಲಿನಲ್ಲಿದ್ದೆ.

ಮೊದಲು ಮಣ್ಣಿನ ಹೆಂಟೆ ಬಂದವು. ಆಮೇಲೆ ಚಪ್ಪಲಿ. ಹಾಡು ನಿಲ್ಲಲಿಲ್ಲ. ಒಂದು ಕಲ್ಲು ನಮ್ಮ ಮುಂದೆ ಬಿದ್ದು ಉರುಳಿ ಗಿರಿಜವ್ವನ ಮೊಳಕಾಲ ಹತ್ತಿರ ಬಂದು ನಿಂತಿತು. ಗಿರಿಜವ್ವ ಅದನ್ನು ನೋಡಿದಳು. ಸುಂದರಾ ಗಿರಿಜವ್ವ ನೋಡಿದ್ದನ್ನು ನೋಡಿದಳು. ಅಷ್ಟರಲ್ಲಿ ಗಿರಿಜವ್ವ ತಲೆ ಎತ್ತಿ, ಮುಂದೆ ಏನೋ ಕಂಡಂತೆ ಕೈ ಎಳೆದಳು. ಜೋರಾಗಿ ಎಳೆದಳು. ಸತ್ತೆವ್ವ ಬಿಟ್ಟುಬಿಟ್ಟಳು. ಸುಂದರಾ ಬಿಡಲಿಲ್ಲ. ಇನ್ನೂ ಬಿಗಿಯಾಗಿ ಹಿಡಿದು, ಕೆಳಕ್ಕೆ ಒತ್ತಿ, “ಬ್ಯಾಡ ಗಿರಿಜಾ, ಬ್ಯಾಡ” ಎಂದಳು. ಕಲ್ಲು ಬಂದದ್ದು ಬಲಗಡೆಯಿಂದ. ಬಲಗಣ್ಣಿಗೆ ಬಿತ್ತು.

ಆ ಸದ್ದನ್ನು ನಾನು ಹೇಳುವುದಿಲ್ಲ. ಹಾಡು ನಿಂತಿತು. ಹೆಂಗಸರು ಎದ್ದರು, ಕೈಗೆ ಸಿಕ್ಕಿದ್ದು ಎತ್ತಿಕೊಂಡರು. ನಾನೂ ಎತ್ತಿಕೊಂಡಿದ್ದೆ. ಗಿರಿಜವ್ವನ ತಲೆ ತೊಡೆಯ ಮೇಲಿಟ್ಟುಕೊಂಡು, ಸೆರಗೆಲ್ಲ ರಕ್ತ ಮಾಡಿಕೊಂಡು ಕುಳಿತಿದ್ದ ಸುಂದರಾ ನಮ್ಮ ಕಡೆ ತಿರುಗಿ, ಯಾರಾದರೂ ಒಗೆದರೆ ನನ್ನ ಹೆಣ ದಾಟಿ ಒಗೆಯಬೇಕು ಎಂದಳು. ಕೂಗಲಿಲ್ಲ, ಹೇಳಿದಳು ಅಷ್ಟೇ. ನಾವು ಕಲ್ಲು ಕೆಳಗೆ ಹಾಕಿದೆವು. ಎದುರಿನವರು ತಾವೇ ಹೆದರಿ ಚೆದುರಿದರು. ಸಾಹೇಬರು ಜೀಪಿನ ಹತ್ತಿರ ನಿಂತು ಎಲ್ಲ ನೋಡಿದ್ದರು.

ಮಿರಜಿನ ದವಾಖಾನೆಯಲ್ಲಿ ಗಿರಿಜವ್ವನ ಕಣ್ಣು ತೆಗೆದರು. ಅದೇ ವಾರ ಚಿಕ್ಕೋಡಿಯಲ್ಲಿ ಒಪ್ಪಂದವಾಯಿತು. ಝಡತಿಗೆ ಹೆಂಗಸರು ಬಂದರು, ಕೂಲಿ ನಿಗದಿಯಾಯಿತು, ವಖಾರಿಯ ಮಗ್ಗುಲಿಗೆ ಕೂಸುಗಳಿಗೆ ತಗಡಿನ ಚಪ್ಪರ ಎದ್ದಿತು. ರಕ್ತ ಸುರಿದರೂ ಕಲ್ಲೆತ್ತದ ಹೆಂಗಸರು ಎಂದು ಪೇಪರಿನಲ್ಲಿ ಬಂತು, ಕಲ್ಲು ಬೀಳುವ ಮೊದಲು ಕೈ ಕೈ ಹಿಡಿದು ಕುಳಿತಿದ್ದ ನಮ್ಮ ಸಾಲಿನ ಫೋಟೋದ ಜೊತೆ. ಸಾಹೇಬರ ಮನಸ್ಸು ಕರಗಿದ್ದು ಅಂದಿನ ಸಭೆಯಿಂದಲೇ ಎಂದು ಕುಸುಮತಾಯಿ ಹೇಳಿದರು. ಅದು ನಿಜವೇ ಇರಬೇಕು. ಅಂದು ನಾವು ತಿರುಗಿ ಒಗೆದಿದ್ದರೆ ಒಪ್ಪಂದ ಆಗುತ್ತಿರಲಿಲ್ಲ.

ಕಲ್ಲು ಒಗೆದವನು ಯಾರೆಂದು ಯಾರೂ ಹೇಳಲಿಲ್ಲ. ಪೋಲೀಸರು ಕೇಳಿದರು, ಯಾರೂ ನೋಡಿರಲಿಲ್ಲ. ಸುಂದರಾ ಗಂಡನನ್ನು ಕೇಳಿದಳು. ನಾನು ಮುಂದೆ ನೋಡುತ್ತಿದ್ದೆ, ಕಲ್ಲು ನನ್ನ ಹಿಂದಿನಿಂದ ಹೋಯಿತು ಎಂದ. ಮರುದಿನವೂ ಕೇಳಿದಳು, ಅದನ್ನೇ ಹೇಳಿದ. ಆಮೇಲೆ ಆಕೆ ಅವನೊಡನೆ ಮಾತಾಡುವುದನ್ನೇ ಬಿಟ್ಟಳು. ರೊಟ್ಟಿ ಬಡಿದಿಟ್ಟು ವಖಾರಿಗೆ ಹೋಗುತ್ತಿದ್ದಳು. ಅವನು ತಾನೇ ತೆಗೆದುಕೊಂಡು ಉಣ್ಣುತ್ತಿದ್ದ. ಭೀಮಗೊಂಡ ಮೊದಲಿನಂತೆಯೇ ಖರೀದಿಗೆ ಹಳ್ಳಿ ತಿರುಗುತ್ತಿದ್ದ.

ವಖಾರಿ ತೆರೆದಾಗ ಗಿರಿಜವ್ವನನ್ನು ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. ಕಡ್ಡಿ ಆರಿಸಲು ಎರಡು ಕಣ್ಣು ಬೇಕು ಎಂದರು. ಒಪ್ಪಂದದಲ್ಲಿ ಗಾಯವಾದವರ ಮಾತು ಬಂದಿರಲಿಲ್ಲ, ಬರೆಸಬೇಕೆಂದು ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಕುಸುಮತಾಯಿ ಅರ್ಜಿ ಮೇಲೆ ಅರ್ಜಿ ಬರೆದರು, ಓಡಾಡಿದರು. ಸಂಘಟನೆಯ ಹೆಂಗಸರು ಕೆಲ ಕಾಲ ಮನೆಗಿಷ್ಟು ಜೋಳ ಕೂಡಿಸಿ ಕೊಟ್ಟರು. ಆಮೇಲೆ ಒಬ್ಬೊಬ್ಬರಿಗೂ ಅವರವರ ಅಡಚಣೆ ಬಂತು. ಗಿರಿಜವ್ವ ಬಸ್ ಸ್ಟ್ಯಾಂಡಿನ ಹತ್ತಿರ ಗೋಣಿತಟ್ಟು ಹಾಸಿ ಮೆಂತ್ಯೆ, ಕೊತ್ತಂಬರಿ ಮಾರತೊಡಗಿದಳು.

ದವಾಖಾನೆಯಿಂದ ಬಂದ ಮೇಲೆ ಗಿರಿಜವ್ವ ಸುಂದರಾಳನ್ನು ಬೈದಿರಲಿಲ್ಲ. ಹೋದರೆ ಕುಳಿತುಕೋ ಎನ್ನುತ್ತಿದ್ದಳು, ಚಹಾ ಕಾಸುತ್ತಿದ್ದಳು. ಸುಂದರಾಳೇ ತಡೆಯಲಾರದೆ ಒಂದು ದಿನ ಆ ಮಾತು ತೆಗೆದಳು. ನಾನು ತಾರವ್ವನ ಪೋಲ್ಕಾ ಹೊಲಿದದ್ದನ್ನು ಕೊಡಲು ಹೋಗಿದ್ದೆ, ಬಾಗಿಲಲ್ಲೇ ನಿಂತೆ.

“ನೀ ಕಲ್ಲ ಎತ್ತಾಕ ಕೈ ಎಳದಿ ಅನ್ಕೊಂಡೆ, ಗಿರಿಜಾ.”

ಗಿರಿಜವ್ವ ಚಹಾದ ಕಪ್ಪು ಕೆಳಗಿಟ್ಟಳು. “ನಾ ಯಾವಾಗ ಕಲ್ಲ ಎತ್ತಿದ್ದೆ? ಎತ್ತಾಕಿ ನೀ ಇದ್ದಿ. ನಿನ್ನ ಕೈ ಹಿಡಿಯಾಕಂತ ನಾ ಬಂದ ಕುಂತಾಕಿ.” ಸ್ವಲ್ಪ ತಡೆದು ಮತ್ತೆ ಹೇಳಿದಳು: “ಕಲ್ಲ ಬರೂದ ನಂಗ ಕಂಡಿತ್ತು. ಮಾರಿ ಮುಚ್ಚಕೋಬೇಕಾಗಿತ್ತು. ಅಷ್ಟ.”

ಸುಂದರಾ ಅಳಲಿಲ್ಲ. ಎದ್ದು ನನ್ನ ಪಕ್ಕದಿಂದಲೇ ಹೊರಗೆ ಹೋದಳು, ನನ್ನನ್ನು ನೋಡಲಿಲ್ಲ. ಅಂದಿನಿಂದ ಗಿರಿಜವ್ವ ಆಕೆಗೆ ಬಾ ಎನ್ನುವುದನ್ನೂ ಬಿಟ್ಟಳು. ಬಾಯಿ ಬಿಟ್ಟು ಹೇಳಿದ ಮೇಲೆ ಮೊದಲಿನ ಹಾಗೆ ಚಹಾ ಕೊಡುವುದು ಆಕೆಗೂ ಆಗಲಿಲ್ಲವೇನೋ.

ಈ ಕಡೆ ಸುಂದರಾಳ ಹೆಸರು ದೊಡ್ಡದಾಗುತ್ತ ಹೋಯಿತು. ಅಥಣಿ, ರಾಯಬಾಗ, ಕಾಗವಾಡದ ಕಡೆ ಎಲ್ಲಿ ಹೆಂಗಸರ ಸಭೆಯಾದರೂ, ಎಲ್ಲಿ ಗಲಾಟೆಯ ಭಯವಿದ್ದರೂ ಕರೆಸುತ್ತಿದ್ದರು. ಗದ್ದಲದವರು ಬಂದರೆ ಹೇಗೆ ಕೂಡಬೇಕು, ಹೇಗೆ ಉಸಿರು ಹಿಡಿಯಬೇಕು, ನೀರು ಯಾವಾಗ ಕೊಡಬೇಕು ಎಂದು ಆಕೆ ಹೇಳಿಕೊಡುತ್ತಿದ್ದಳು. ಎಲ್ಲ ಮೊದಲಿನಂತೆಯೇ, ಒಂದನ್ನು ಬಿಟ್ಟು. ಕೈ ಹಿಡಿಯಬೇಡಿರಿ ಎನ್ನುತ್ತಿದ್ದಳು. ಎರಡೂ ಕೈ ತಲೆಯ ಮೇಲೆ, ಮೊಳಕೈ ಮುಂದೆ ಮಾಡಿ ಮುಖ ಮುಚ್ಚಿ ಕುಳಿತುಕೊಳ್ಳಿರಿ. ತಾನೇ ನೆಲದ ಮೇಲೆ ಕುಳಿತು ತೋರಿಸುತ್ತಿದ್ದಳು.

ಕಾಗವಾಡದ ಹತ್ತಿರ ಕಬ್ಬು ಕಡಿಯುವ ಹೆಂಗಸರ ಸಭೆಗೆ ಆಕೆಯ ಜೊತೆ ನಾನೂ ಹೋಗಿದ್ದೆ. ಕೂಲಿಗಳ ಗುಂಪು ಕರೆತರುವ ಟೋಳಿ ಮುಕಾದಮರ ಕಡೆಯವರು ಗಲಾಟೆ ಮಾಡುತ್ತಾರೆಂದು ಸುದ್ದಿಯಿತ್ತು. ಸುಂದರಾ ತೋರಿಸಿದ್ದನ್ನು ನೋಡಿ ಹುಡುಗಿಯರು ನಕ್ಕರು. ಪೋಲೀಸರು ಹಿಡಿದ ಕಳ್ಳರ ಹಾಗೆ ಕಾಣುತ್ತದೆ ಎಂದಳು ಒಬ್ಬಳು. ಅಲ್ಲಿಯ ಮುಂದಾಳು ಮಂಗಲ ಎಂಬವಳು, ಕಲಿತ ಹೆಣ್ಣುಮಗಳು, ಮರ್ಯಾದೆಯಿಂದಲೇ ಹೇಳಿದಳು: “ಮಾವಶಿ, ಪೇಪರಿನವರು ಬರ್ತಾರ್ರಿ. ಕೈ ಹಿಡ್ಕೊಂಡ ಕುಂತ್ರ ಫೋಟೋದಾಗ ಚಂದ ಕಾಣತೈತಿ. ನಿಮ್ಮ ನಿಪ್ಪಾಣಿ ಫೋಟೋ ನೋಡೇ ನಾವು ನಿಮ್ಮನ್ನ ಕರಸಿದ್ದು.”

ಸುಂದರಾ ಕೇಳಲಿಲ್ಲ, ವಾದ ಮಾಡಿದಳು, ಸಿಟ್ಟಿಗೆದ್ದಳು. ಯಾಕೆ ಬೇಡ ಎಂದು ಅವರು ಕೇಳಿದಾಗ ಮಾತ್ರ ಗಿರಿಜವ್ವನ ಹೆಸರು ಬಾಯಿಗೆ ಬರಲಿಲ್ಲ. ಅವರು ಕೈ ಕೈ ಹಿಡಿದೇ ಕುಳಿತರು. ಗಲಾಟೆಯವರು ಬಂದರು, ಕೂಗಿದರು, ಬೇಸತ್ತು ಹೋದರು. ಯಾರಿಗೂ ಏನೂ ಆಗಲಿಲ್ಲ. ಫೋಟೋ ಚೆನ್ನಾಗಿ ಬಂತಂತೆ. ತಿರುಗಿ ಬರುವಾಗ ಬಸ್ಸಿನಲ್ಲಿ ಸುಂದರಾ ಕಿಟಕಿಯ ಕಡೆ ಮುಖ ಮಾಡಿಕೊಂಡು ಕುಳಿತಿದ್ದಳು. ಏನೂ ಆಗದ್ದಕ್ಕೆ ಆಕೆಗೆ ಸಮಾಧಾನವಾಗಿತ್ತೋ, ಸಿಟ್ಟು ಬಂದಿತ್ತೋ, ನನಗೆ ಇಂದಿಗೂ ತಿಳಿಯದು. ಸುಂದರಾಬಾಯಿಗೆ ಈಗ ವಯಸ್ಸಾಯಿತು, ಹೆದರುತ್ತಾಳೆ ಎಂಬ ಮಾತು ಹಬ್ಬಿತು. ಹೊರಗಿನಿಂದ ಕರೆ ಬರುವುದು ಕಡಿಮೆಯಾಯಿತು.

ತೊಂಬತ್ನಾಲ್ಕರಲ್ಲಿ ಒಪ್ಪಂದದ ನೆನಪಿಗೆಂದು ಸಂಘಟನೆಯವರು ಊರಿನ ಲಗ್ನಗಳಾಗುವ ಮಂಗಲ ಕಾರ್ಯಾಲಯದಲ್ಲಿ ದೊಡ್ಡ ಸಭೆ ಇಟ್ಟುಕೊಂಡರು. ಅಷ್ಟೊತ್ತಿಗೆ ವಖಾರಿಗಳಲ್ಲಿ ಕೆಲಸವೇ ಕಡಿಮೆಯಾಗಿತ್ತು, ಮಾಲೀಕರು ಹಳ್ಳಿಗಳಲ್ಲಿ ಸಂಘಟನೆ ಇಲ್ಲದ ಕಡೆ ಜರಡಿ ಹಿಡಿಸುತ್ತಿದ್ದರು. ಆದರೂ ಸಭೆಗೆ ಬೇರೆ ಬೇರೆ ತಾಲೂಕಿನ ಹೆಂಗಸರು ಬಂದಿದ್ದರು. ವೇದಿಕೆಯ ಮೇಲೆ ಕುಸುಮತಾಯಿಯ ಪಕ್ಕದಲ್ಲಿ ಸುಂದರಾಳ ಕುರ್ಚಿ. ಆಕೆಗೆ ಸೀರೆ ಉಡಿಸಿ ಸತ್ಕಾರ ಮಾಡುವುದಿತ್ತು. ಗಿರಿಜವ್ವನನ್ನೂ ಕರೆಯಬೇಕೆಂದು ಸುಂದರಾ ಹೇಳಿದ್ದಳು. ಕರೆಯುತ್ತೇವೆ ಎಂದವರು ಯಾರೋ ಮರೆತಿದ್ದರು.

ಸಭೆ ಅರ್ಧಕ್ಕೆ ಬಂದಾಗ ಗಿರಿಜವ್ವ ಕರೆಯದೇ ಬಂದಳು. ಬಸ್ ಸ್ಟ್ಯಾಂಡಿನಿಂದ ನೇರ ಬಂದಿದ್ದಳು, ಸೆರಗಿಗೆ ಕೊತ್ತಂಬರಿ ಎಸಳು ಅಂಟಿತ್ತು. ಕುರ್ಚಿಗಳ ನಡುವೆ ನಡೆದು ವೇದಿಕೆಯ ಮುಂದೆ ನಿಂತು, ಜೀವಮಾನದಲ್ಲಿ ಮೊದಲ ಸಲ ದನಿ ಎತ್ತಿದಳು.

“ನನ್ನ ಕಣ್ಣ ಹೋದ ದಿನಾ ಹಬ್ಬಾ ಮಾಡಾಕತ್ತೀರೇನು? ಯಾರ ಕಣ್ಣ ಕೊಟ್ಟ ತಗೊಂಡ ಕೂಲಿ ಇದು, ಹೇಳ್ರಿ ಈ ಮಂದಿಗೆ.”

ಮುಂದಿನ ಸಾಲಿನಲ್ಲಿ ಹೊಸ ಹುಡುಗಿಯರಿದ್ದರು. ಅವರಿಗೆ ಗಿರಿಜವ್ವ ಗೊತ್ತಿರಲಿಲ್ಲ. ಮಾಲೀಕರು ಕಳಿಸಿದ ಯಾವಳೋ ಎಂದುಕೊಂಡರು. ಅವರಿಗೆ ಕಲಿಸಿದ್ದೂ ಫೋಟೋದಲ್ಲಿ ನೋಡಿದ್ದೂ ಚೆನ್ನಾಗಿ ನೆನಪಿತ್ತು. ಕುರ್ಚಿ ಬಿಟ್ಟು ನೆಲದ ಮೇಲೆ ಕುಳಿತರು, ತಲೆಯ ಮೇಲೆ ಸೆರಗು ಹೊದ್ದರು, ಕೈ ಕೈ ಹಿಡಿದರು, ಹಾಡತೊಡಗಿದರು. ಹಿಂದಿನವರೂ ಸೇರಿಕೊಂಡರು. ಗಿರಿಜವ್ವ ಏನೇನೋ ಹೇಳುತ್ತಿದ್ದಳು, ಬಾಯಿ ಆಡುವುದು ಕಾಣುತ್ತಿತ್ತು, ಒಂದು ಮಾತೂ ಕೇಳುತ್ತಿರಲಿಲ್ಲ. ಒಬ್ಬ ಹುಡುಗಿ ಎದ್ದು ಬಂದು, ತಲೆ ಬಾಗಿಸಿ, ಆಕೆಯ ಮುಂದೆ ನೀರಿನ ತಂಬಿಗೆ ಹಿಡಿದಳು.

ಸುಂದರಾ ಎದ್ದು ನಿಂತಳು. ಹಾಡು ನಿಲ್ಲಿಸಿರಿ, ಆಕೆ ಹೇಳುವುದನ್ನು ಕೇಳಿರಿ ಎಂದು ಮೈಕಿನಲ್ಲಿ ಹೇಳಿದಳು. ಹುಡುಗಿಯರು ನಿಲ್ಲಿಸಲಿಲ್ಲ. ಕುಸುಮತಾಯಿ ಆಕೆಯ ಭುಜದ ಮೇಲೆ ಕೈಯಿಟ್ಟರು. “ಸುಂದರಾ, ಕುಂಡ್ರು. ತಾನ ಸುಮ್ಮನಾಗ್ತಾಳ,” ಎಂದರು. ಕೆಟ್ಟ ಮನಸ್ಸಿನಿಂದಲ್ಲ. ಗಿರಿಜವ್ವನಿಗಾಗಿ ಅಷ್ಟು ಅರ್ಜಿ ಬರೆದವರು ಅವರೇ. ಅಂದು ಸಭೆ ಕೆಡಬಾರದಿತ್ತು, ಅಷ್ಟೇ.

ಗಿರಿಜವ್ವ ತಂಬಿಗೆ ಇಸಿದುಕೊಂಡು ನೀರನ್ನು ನೆಲಕ್ಕೆ ಸುರಿದಳು. ಖಾಲಿ ತಂಬಿಗೆಯನ್ನು ಹುಡುಗಿಯ ಕೈಗೆ ಕೊಟ್ಟು, ಬಂದ ದಾರಿಯಲ್ಲೇ ಹೊರಟಳು. ಸುಂದರಾ ವೇದಿಕೆ ಇಳಿದು ಹಿಂದೆ ಹೋದಳು. ನಾನೂ ಎದ್ದು ಹೊರಗೆ ಬಂದೆ. ಗಿರಿಜವ್ವ ಹಿಂದೆ ನೋಡದೆ ನಡೆಯುತ್ತಿದ್ದಳು, ಸುಂದರಾ ಅಷ್ಟು ದೂರದಲ್ಲಿ ಅವಳ ಹಿಂದೆ. ಹೆಸರು ಹಿಡಿದು ಕರೆಯಲಿಲ್ಲ. ಬಸ್ ಸ್ಟ್ಯಾಂಡು ಬಂದಾಗ ಗಿರಿಜವ್ವ ಗೋಣಿತಟ್ಟಿನ ಮೇಲೆ ಕುಳಿತು ಸೊಪ್ಪಿಗೆ ನೀರು ಚಿಮುಕಿಸತೊಡಗಿದಳು. ಸುಂದರಾ ಎದುರು ನಿಂತಳು. ಗಿರಿಜವ್ವ ಮುಖ ಎತ್ತದೆ, ಗಿರಾಕಿ ಬರುವ ಹೊತ್ತು, ಅಡ್ಡ ನಿಲ್ಲಬೇಡ ಎಂದಳು.

ಸುಂದರಾ ಮತ್ತೆ ಸಂಘಟನೆಯ ಸಭೆಗೆ ಹೋಗಲಿಲ್ಲ. ಸೀರೆ ಮನೆಗೆ ಕಳಿಸಿದ್ದರು, ತಿರುಗಿ ಕಳಿಸಿದಳು. ಕುಸುಮತಾಯಿ ಬಂದಾಗ ಕುಳ್ಳಿರಿಸಿ ಮಾತಾಡಿಸಿದಳು, ಬರುವುದಿಲ್ಲ ಎಂದಷ್ಟೇ ಹೇಳಿದಳು. ಮುಂದಿನ ವರ್ಷ ಗಿರಿಜವ್ವ ಮಗಳು ತಾರವ್ವನ ಹತ್ತಿರ ಉಗಾರ ಖುರ್ದಕ್ಕೆ ಹೋದಳು. ಅಳಿಯ ಅಲ್ಲಿ ಕಬ್ಬಿನ ಗಾಡಿ ಹೊಡೆಯುತ್ತಿದ್ದ. ಓಣಿಯ ಎಲ್ಲರಿಗೂ ಹೇಳಿ ಹೋದಳು, ಸುಂದರಾಳ ಬಾಗಿಲಿಗೆ ಹೋಗಲಿಲ್ಲ. ಸುಂದರಾ ಒಮ್ಮೆ ಉಗಾರಕ್ಕೆ ಹೋಗಿದ್ದಳಂತೆ. ಅವ್ವ ಮಲಗ್ಯಾಳ ಎಂದು ತಾರವ್ವ ಬಾಗಿಲಲ್ಲೇ ಹೇಳಿದಳು. ಒಳಗೆ ಗಿರಿಜವ್ವ ಮೊಮ್ಮಗಳ ಜೊತೆ ಮಾತಾಡುವುದು ಕೇಳುತ್ತಿತ್ತು. ಸುಂದರಾ ಕಟ್ಟೆಯ ಮೇಲೆ ಬಸ್ಸಿನ ಹೊತ್ತಿನ ತನಕ ಕುಳಿತಿದ್ದು ತಿರುಗಿ ಬಂದಳು. ಇದನ್ನು ನನಗೆ ಹೇಳುವಾಗ ಆಕೆಗೆ ನಗು ಬಂತು, ನಗುತ್ತ ಕೆಮ್ಮು ಬಂತು.

ಆ ಕೆಮ್ಮು ಹೋಗಲಿಲ್ಲ. ಎದೆಯಲ್ಲಿ ವಖಾರಿಯ ಧೂಳು ಕುಳಿತಿತ್ತು. ಕಡೆಯ ದಿನಗಳಲ್ಲಿ ಮಾಳಸಿದ್ದನೇ ಎತ್ತಿ ಕೂಡಿಸುತ್ತಿದ್ದ, ಗಂಜಿ ಕುಡಿಸುತ್ತಿದ್ದ. ಆಗಲಾದರೂ ಆಕೆ ಅವನೊಡನೆ ಮಾತಾಡಿದಳೋ ಎಂದು ನಾನು ಗೋಡೆಯ ಈಚೆಯಿಂದ ಕಿವಿಗೊಡುತ್ತಿದ್ದೆ. ಅವನ ದನಿಯೊಂದೇ ಕೇಳುತ್ತಿತ್ತು. ತೊಂಬತ್ತೆಂಟರ ಶ್ರಾವಣದಲ್ಲಿ ಸುಂದರಾ ಹೋದಳು. ಸಂಘಟನೆಯವರು ಸಭೆ ಕೂಡಿಸಿ, ಶಾಂತಿಯ ಮೂರ್ತಿ ಎಂದರು, ಆಕೆಯ ಫೋಟೋಕ್ಕೆ ಮಾಲೆ ಹಾಕಿದರು. ಎರಡೂ ಬದಿಯವರ ಕೈ ಹಿಡಿದು ಕುಳಿತ ಅದೇ ನಿಪ್ಪಾಣಿಯ ಫೋಟೋ. ಗಿರಿಜವ್ವ ಇದ್ದ ಭಾಗ ಕತ್ತರಿಸಿ ದೊಡ್ಡದು ಮಾಡಿಸಿದ್ದರು.

ಸುದ್ದಿ ಮುಟ್ಟಿಸಲು ನಾನೇ ಉಗಾರಕ್ಕೆ ಹೋದೆ. ಗಿರಿಜವ್ವ ಹೊಲಕ್ಕೆ ಬುತ್ತಿ ಕಟ್ಟುತ್ತಿದ್ದಳು. ಕೇಳಿ ಕೈ ನಿಲ್ಲಿಸಲಿಲ್ಲ. ರೊಟ್ಟಿ ಮಡಚಿಟ್ಟಳು, ಚಟ್ನಿ ಇಟ್ಟಳು, ಅರಿವೆಯ ಗಂಟು ಬಿಗಿದಳು.

“ಕಲ್ಲ ಒಗದಾಂವನ ಮ್ಯಾಲೆ ನಂಗ ಸಿಟ್ಟ ಏನೂ ಇಲ್ಲ,” ಅಂದಳು. “ಅಂವನ ಮಾರಿ ನಾ ನೋಡಿಲ್ಲ.”

ಸುಂದರಾಳ ಬಗ್ಗೆ ಅದಕ್ಕಿಂತ ಹೆಚ್ಚು ಆಡಲಿಲ್ಲ. ನನಗೂ ಕೇಳುವ ಧೈರ್ಯವಾಗಲಿಲ್ಲ. ಚಹಾ ಕುಡಿದು ಏಳುವಾಗ, ಮಾಳಸಿದ್ದ ಈಗ ಒಬ್ಬನೇ ಏನು ಮಾಡಿಕೊಂಡು ಉಣ್ಣುತ್ತಾನೆ ಎಂದು ಕೇಳಿದಳು. ಓಣಿಯವರು ಯಾರಾದರೂ ಕೊಡುತ್ತಾರೆ ಎಂದೆ. ಹೌದೇನು ಎಂದು ಬುತ್ತಿ ತಲೆಯ ಮೇಲಿಟ್ಟುಕೊಂಡು ಹೊಲದ ಕಡೆ ಹೊರಟಳು. ಕಣ್ಣಿಲ್ಲದ ಬದಿಯಿಂದ ಬರುವ ಗಾಡಿ ಕಾಣದೆಂದು ರಸ್ತೆಯ ಅಂಚು ಹಿಡಿದು ನಡೆಯುತ್ತಿದ್ದಳು.